ಐದು ಪ್ರತಿಯ ಪತ್ರಿಕೆ

ಸರ್ಕಾರ ವ್ಯಾಪಾರದಿಂದ ದೂರ ಇರಬೇಕು ಎಂದು ನಾನು ಹನ್ನೊಂದು ವರ್ಷ ಪ್ರತಿ ಸೋಮವಾರ ಬರೆದಿದ್ದೇನೆ. ಬರೆದದ್ದು ನಮ್ಮ ಭಾಗದ ನಾಲ್ಕು ಪುಟದ ದಿನಪತ್ರಿಕೆಯಲ್ಲಿ, ಮೂರನೆಯ ಪುಟದ ಎಡಗಡೆ, ನನ್ನ ಹಳೆಯ ಫೋಟೋದ ಕೆಳಗೆ. ಹೊಟ್ಟೆಪಾಡಿಗೆ ಕೊಟ್ಟೂರಿನಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದೇನೆ. ಸರ್ಕಾರ ರೈತರಿಗೆ ಸಬ್ಸಿಡಿ ಕೊಟ್ಟ ವರ್ಷ ನನ್ನ ಪೈಪು ಹೋಗುತ್ತದೆ, ಕೊಡದ ವರ್ಷ ಪೈಪಿನ ಮೇಲೆ ಧೂಳು ಕೂರುತ್ತದೆ. ‘ಸಬ್ಸಿಡಿಯೇ ನಾಡಿನ ರೋಗ’ ಎಂಬ ಲೇಖನವನ್ನು ನಾನು ಬರೆದದ್ದು ಸಬ್ಸಿಡಿ ಕಡತಕ್ಕೆ ಸಹಿ ಆಗಲೆಂದು ಇಲಾಖೆಯ ಬೆಂಚಿನ ಮೇಲೆ ಕಾಯುತ್ತ ಕೂತಿದ್ದಾಗ. ಹೇಳೋದು ಆಚಾರ, ತಿನ್ನೋದು ಬದನಿಕಾಯಿ ಅಂತ ಹೆಂಡತಿ ಅವತ್ತೇ ಅಂದಳು. ಅವಳಿಗೆ ಅರ್ಥಶಾಸ್ತ್ರ ತಿಳಿಯುವುದಿಲ್ಲ ಅಂದುಕೊಂಡೆ.

ಪತ್ರಿಕೆಯ ಒಡೆಯ, ಸಂಪಾದಕ, ವರದಿಗಾರ ಮೂರೂ ಒಬ್ಬನೇ. ನನ್ನ ಜೊತೆ ಓದಿದವನು. ಬೆಳಗಿನ ಬಸ್ಸುಗಳಲ್ಲಿ ಪತ್ರಿಕೆಯ ಕಟ್ಟುಗಳು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಹೋಗುತ್ತವೆ. ಅದರಲ್ಲಿ ಮೊದಲ ಪುಟ ಶಾಸಕರದು, ಅವರು ಯಾವ ಪಕ್ಷದವರಾದರೂ ಸರಿ. ಹೊಸ ಸರ್ಕಾರ ಬಂದ ಮರುದಿನ ನನ್ನ ಗೆಳೆಯನಿಗೆ ಹಳೆಯ ಸರ್ಕಾರದ ಹಗರಣಗಳೆಲ್ಲ ಒಮ್ಮೆಗೇ ಜ್ಞಾಪಕಕ್ಕೆ ಬರುತ್ತವೆ. ಮನೆ ಬದಲಿಸದೆ ಮೂರು ಜಿಲ್ಲೆ ಕಂಡ ಹರಪನಹಳ್ಳಿಯವರ ಜಿಲ್ಲೆ ಬದಲಾದಾಗಲೆಲ್ಲ ಅವನೊಂದು ಅಭಿನಂದನಾ ಸಂಚಿಕೆ ತಂದ. ಬಿಟ್ಟು ಹೋದ ಜಿಲ್ಲೆಯವರಿಂದಲೂ ಜಾಹೀರಾತು ತಂದ ಅನ್ನುವುದೇ ಅವನ ಜಾಣತನ. ಸ್ವತಂತ್ರ ಪತ್ರಿಕೋದ್ಯಮ ಅಂದರೆ ಇದೇ ಇರಬೇಕು ಎಂದು ನಾನು ಬಹಳ ದಿನ ನಂಬಿದ್ದೆ.

ಮುಂದೆ ಹೇಳುವುದು ಕೊಟ್ಟೂರೂ ಸೇರಿ ಈ ಐದೂರುಗಳಲ್ಲಿ ಒಂದೂರಿನ ಕತೆ. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ, ನಮ್ಮೂರಿನಲ್ಲೂ ಹೀಗೇ ನಡೆದಿದೆಯಲ್ಲ, ನಮ್ಮ ಹೆಸರು ಯಾಕೆ ಬಿಟ್ಟಿರಿ ಎಂದು ಉಳಿದ ನಾಲ್ಕು ಊರಿನವರು ಬೇಸರ ಮಾಡಿಕೊಂಡಾರು.

ಆ ಊರಿನ ಬಸ್ ನಿಲ್ದಾಣದ ಪಕ್ಕ ತಗಡಿನ ಶೆಡ್ಡಿನಲ್ಲಿ ಒಬ್ಬಾಕೆ ಮಿರ್ಚಿ, ಮಂಡಕ್ಕಿ ಮಾರುತ್ತಿದ್ದಳು. ಅದೇ ಜಾಗದಲ್ಲಿ ಆಕೆಯ ತಾಯಿಯೂ ಮಾರಿದ್ದಳು. ಪೈಪಿನ ವಸೂಲಿಗೆ ಹೋದಾಗಲೆಲ್ಲ ನಾನು ಅಲ್ಲಿ ಒಂದು ಪ್ಲೇಟು ತಿಂದೇ ಬಸ್ಸು ಹತ್ತುವುದು. ಪಟ್ಟಣದ ಕಚೇರಿಯವರು ಒಂದು ದಿನ ಬಂದು ಆ ಸಾಲಿನ ಶೆಡ್ಡುಗಳನ್ನೆಲ್ಲ ಕೆಡವಿ, ಸಿಮೆಂಟಿನ ಮಳಿಗೆ ಕಟ್ಟುತ್ತೇವೆ, ಕಟ್ಟಿದ ಮೇಲೆ ಬಹಿರಂಗ ಹರಾಜು ಹಾಕುತ್ತೇವೆ, ನೀವೂ ಬಂದು ಕೂಗಬಹುದು ಎಂದು ಹೇಳಿಹೋದರು. ಆಕೆ ಎದುರಿನ ರಸ್ತೆ ಬದಿಗೆ ತಳ್ಳುಗಾಡಿ ಇಟ್ಟುಕೊಂಡು ಕಾದಳು. ಮಂತ್ರಿಗಳು ಬಂದ ದಿನ ಪೊಲೀಸರು ಗಾಡಿ ಎತ್ತಿಸುತ್ತಿದ್ದರು, ಹೋದ ಮೇಲೆ ಆಕೆ ಮತ್ತೆ ತಂದು ನಿಲ್ಲಿಸುತ್ತಿದ್ದಳು. ರಸ್ತೆ ಅಗಲವಾಗುವ ಮಾತೂ ಇತ್ತು. ಅಷ್ಟರೊಳಗೆ ಒಂದು ಮಳಿಗೆ ಸಿಗಬೇಕು, ಸಿಗದಿದ್ದರೆ ಆ ಊರಿನಲ್ಲಿ ಆಕೆಯ ಒಲೆಗೆ ಜಾಗವೇ ಇಲ್ಲ.

ಒಂದು ದಿನ ಹೋದಾಗ ಹೊಸ ಮಳಿಗೆಗಳ ಶಟರ್ ಮೇಲೆದ್ದಿದ್ದವು. ಹೊಸಿಲಿಗೆ ತೋರಣ, ಒಳಗೆ ಮೊಬೈಲ್ ಅಂಗಡಿ, ಬೇಕರಿ, ಬಟ್ಟೆ ಅಂಗಡಿ. ಆಕೆ ಗಾಡಿಯ ಹಿಂದೆ ನಿಂತು ಎಣ್ಣೆ ಬಾಣಲೆ ನೋಡುತ್ತಿದ್ದಳು.

“ಹರಾಜು ಯಾವಾಗಾತು ಅಣ್ಣಾರ?” ಎಂದು ನನ್ನನ್ನೇ ಕೇಳಿದಳು. “ನಾ ಎಲ್ಲೂ ಹೋಗಿಲ್ಲ. ಇಲ್ಲೇ ಎದುರಿಗೇ ಅದೀನಿ.”

ನನಗೆ ಮರುಕ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದದ್ದು ಉತ್ಸಾಹ. ಹನ್ನೊಂದು ವರ್ಷದಿಂದ ಹೇಳುತ್ತಿದ್ದ ಸಿದ್ಧಾಂತಕ್ಕೆ ಕಣ್ಣೆದುರಿಗೆ ಒಂದು ಉದಾಹರಣೆ ಸಿಕ್ಕಿತ್ತು. ಕಂದಾಯ ಕಟ್ಟಲು ಕೊನೆಯ ದಿನ ಬಂದರೆ ಇದೇ ಕಚೇರಿಯವರು ಕಸದ ಗಾಡಿಗೆ ಮೈಕು ಕಟ್ಟಿ ಓಣಿ ಓಣಿಯಲ್ಲಿ ಕೂಗಿಸುತ್ತಾರೆ. ಅದೇ ಗಾಡಿ ದಿನಾ ಬೆಳಿಗ್ಗೆ ಈಕೆಯ ಮುಂದೆಯೇ ಹಾಡು ಹಾಕಿಕೊಂಡು ಹೋಗುತ್ತದೆ. ಹರಾಜಿನ ಸುದ್ದಿಯನ್ನು ಮಾತ್ರ ಅದು ಹಾಡಲಿಲ್ಲ. ಹಿಂದೆ ಡಂಗುರ ಸಾರುವವನಿದ್ದ. ಹಲಗೆ ಬಾರಿಸಿದರೆ ಊರಿಗೆಲ್ಲ ಕೇಳುತ್ತಿತ್ತು, ಬೇಕಾದವರಿಗೆ ಮಾತ್ರ ಕೇಳಿಸುವ ವಿದ್ಯೆ ಆ ಬಡಪಾಯಿಗೆ ಗೊತ್ತಿರಲಿಲ್ಲ.

ಆಕೆಯ ಹೆಸರಿನಲ್ಲಿ ನಾನೇ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ನಮ್ಮ ರಾಜ್ಯದಲ್ಲಿ ಆ ಅರ್ಜಿ ನೂರೈವತ್ತು ಪದ ಮೀರಬಾರದು. ಅಂಕಣಕಾರನಿಗೆ ಅದಕ್ಕಿಂತ ಕ್ರೂರ ಶಿಕ್ಷೆ ಇಲ್ಲ. ಪೀಠಿಕೆಯೇ ಇನ್ನೂರಾಗಿತ್ತು, ಮುಕ್ಕಾಲು ಪಾಲು ಹೊಡೆದು ಹಾಕಬೇಕಾಯಿತು. ಆಕೆ ಸಹಿ ಹಾಕಿದಳು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆವು. ಕೋರಿದ ಮಾಹಿತಿ ಯಾವ ಶಾಖೆಗೆ ಸಂಬಂಧಿಸಿದ್ದೆಂದು ಸ್ಪಷ್ಟಪಡಿಸಿರಿ ಎಂದು ಉತ್ತರ ಬಂತು. ಆ ಕಚೇರಿಯಲ್ಲಿ ಇರುವುದೇ ಎರಡು ಕೋಣೆ. ಮೇಲ್ಮನವಿ ಹಾಕಿದೆವು. ಕೊನೆಗೊಂದು ದಿನ ದಾರ ಕಟ್ಟಿದ ಕಾಗದದ ಕಂತೆ ಬಂತು. ಅದರ ಪ್ರಕಾರ ಹರಾಜು ನಿಯಮದಂತೆ ನಡೆದಿತ್ತು. ಪತ್ರಿಕಾ ಪ್ರಕಟಣೆ ಕೊಟ್ಟಿದ್ದರು, ಪ್ರತಿ ಮಳಿಗೆಗೆ ಮೂವರು ಕೂಗಿದ್ದರು. ಎಲ್ಲ ಮಳಿಗೆಗೂ ಅದೇ ಹತ್ತು ಹನ್ನೆರಡು ಹೆಸರು ಹಿಂದೆ ಮುಂದೆ ಆಗಿದ್ದವು. ಇಲ್ಲಿ ಗೆದ್ದವನು ಅಲ್ಲಿ ಸೋತಿದ್ದ, ಅಲ್ಲಿ ಗೆದ್ದವನು ಇಲ್ಲಿ ಸೋತಿದ್ದ. ಇಷ್ಟು ಪ್ರೀತಿಯಿಂದ ಒಬ್ಬರಿಗೊಬ್ಬರು ಸೋಲುವ ವ್ಯಾಪಾರಸ್ಥರನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಂತೆಯಲ್ಲಿ ಆ ಪ್ರಕಟಣೆ ಬಂದ ಪತ್ರಿಕೆಯ ಪುಟವೂ ಇತ್ತು, ಮೇಲೆ ಕಚೇರಿಯ ದುಂಡು ಮೊಹರು. ಅದು ನಮ್ಮದೇ ಪತ್ರಿಕೆ. ಮೂರನೆಯ ಪುಟ, ಎಡಗಡೆ. ವಾರ ಸೋಮವಾರ. ನನ್ನ ಫೋಟೋ ಇರಬೇಕಾದಲ್ಲಿ ‘ಮಳಿಗೆಗಳ ಬಹಿರಂಗ ಹರಾಜು ಪ್ರಕಟಣೆ’ ಇತ್ತು.

ನನ್ನ ಲೇಖನಗಳನ್ನೆಲ್ಲ ಕತ್ತರಿಸಿ ಒಂದು ದಪ್ಪ ನೋಟ್‌ಬುಕ್ಕಿಗೆ ಅಂಟಿಸುವ ಚಟ ನನಗಿದೆ. ತೆಗೆದು ನೋಡಿದೆ. ಆ ಸೋಮವಾರದ್ದೂ ಇತ್ತು. ಶೀರ್ಷಿಕೆ: ‘ಹರಾಜಿಗೆ ಹೆದರಬೇಡಿ’. ಮಳಿಗೆಗಳ ಬಗ್ಗೆಯೇ ಬರೆದದ್ದು. ಅಂದರೆ ಒಂದೇ ದಿನ, ಒಂದೇ ಪುಟ ಎರಡು ಬಗೆಯಾಗಿ ಅಚ್ಚಾಗಿತ್ತು. ಊರಿಗೆ ಹೋದದ್ದರಲ್ಲಿ ನಾನಿದ್ದೆ, ಕಚೇರಿಗೆ ಹೋದದ್ದರಲ್ಲಿ ಹರಾಜು ಇತ್ತು.

ಮಧ್ಯಾಹ್ನವೇ ಗೆಳೆಯನ ಆಫೀಸಿಗೆ ಹೋಗಿ ಎರಡನ್ನೂ ಮೇಜಿನ ಮೇಲೆ ಇಟ್ಟೆ. ಅವನು ಕನ್ನಡಕ ಹಾಕಿಕೊಂಡು ನೋಡಿ, ನೆಮ್ಮದಿಯಿಂದ ಕನ್ನಡಕ ತೆಗೆದ.

“ಇದು ಕಡತದ ಪ್ರತಿ ಲೇ. ಬಸ್ಸಿಗೆ ಹೋಗೋದು ಬ್ಯಾರೆ, ಕಡತಕ್ಕ ಹೋಗೋದು ಬ್ಯಾರೆ. ಇದೇನ್ ಹೊಸಾದಾ?”

“ಎಷ್ಟು ಹೊಡೀತಿ ಇಂಥವು?”

“ಐದು. ಕಚೇರಿಗೆ ಎರಡು, ಮ್ಯಾಲಿನ ಕಚೇರಿಗೆ ಒಂದು, ಆಡಿಟ್ಟಿಗೆ ಒಂದು, ನನ್ನ ಫೈಲಿಗೆ ಒಂದು.”

“ಅದಕ್ಕ ನನ್ನ ಲೇಖನಾನ ತೆಗೀಬೇಕಿತ್ತೇನು?”

“ಮತ್ತ ಯಾವುದು ತೆಗೀಲಿ? ಒಂದನೇ ಪುಟದಾಗ ಶಾಸಕರು ಅದಾರ. ಎರಡನೇದ್ರಾಗ ಸತ್ತೋರ ಶ್ರದ್ಧಾಂಜಲಿ. ನಾಕನೇದು ಬಂಗಾರದ ಅಂಗಡಿದು. ಇಡೀ ಪೇಪರಿನಾಗ ಪುಕ್ಕಟೆ ಜಾಗ ಹಿಡಿದೋನು ನೀನೊಬ್ಬನ.”

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನನಗೆ ಮೊದಲು ಸಿಟ್ಟು ಬಂದದ್ದು ಲೇಖನ ತೆಗೆದದ್ದಕ್ಕೆ. ಆಕೆಯ ಮಳಿಗೆಯ ಜ್ಞಾಪಕ ಬರಲು ಒಂದು ಚಹಾ ಬೇಕಾಯಿತು. ಚಹಾ ಕುಡಿದ ಮೇಲೆ, ಒಬ್ಬ ಬಡ ಹೆಂಗಸಿನ ಜಾಗ ಹೋಯಿತಲ್ಲೋ ಎಂದೆ.

“ನೀ ಮುಕ್ತ ಮಾರುಕಟ್ಟಿ ಮುಕ್ತ ಮಾರುಕಟ್ಟಿ ಅಂತ ವಾರಾ ವಾರಾ ಕುಟ್ಟತೀಯಲ್ಲ,” ಎಂದ. “ಅದನ್ನ ನಾ ಮಾಡಾಕತ್ತೀನಿ. ಅವರಿಗೆ ಐದು ಪ್ರತಿ ಬೇಕಿತ್ತು, ನನ್ನ ಹತ್ರ ಐದು ಪ್ರತಿ ಇದ್ದವು. ಬೇಡಿಕಿ, ಪೂರೈಕಿ. ಊರ ಮಂದಿಗೆ ಬೇಕಿತ್ತಂದ್ರ ಅವರೂ ಬಂದು ಕೇಳಬೇಕಿತ್ತು.”

ನನ್ನ ಮಾತನ್ನೇ ತಿರುಗಿಸಿ ನನ್ನ ಬಾಯಿಗೆ ತುರುಕಿದ. ಸುದ್ದಿ ಎಲ್ಲರಿಗೂ ಸಿಕ್ಕರೆ ಮಾತ್ರ ಅದು ಮಾರುಕಟ್ಟೆ, ಐದು ಜನಕ್ಕೆ ಸಿಕ್ಕರೆ ಅದು ಪಾಲು ಹಂಚಿಕೆ ಎಂದು ನಾನು ವಾದಿಸಿದೆ. “ಚಲೋ ಐತಿ, ಇದನ್ನ ಬರಿ, ಸೋಮವಾರ ಹಾಕ್ತೀನಿ” ಎಂದ. ಎಲ್ಲ ಪ್ರತಿಯಲ್ಲೋ ಐದರಲ್ಲೋ ಎಂದು ಕೇಳಿದೆ. ಅವನು ಇನ್ನೊಂದು ಚಹಾಕ್ಕೆ ಹೇಳಿದ.

ನಾವು ಮೇಲಿನ ಕಚೇರಿಗೆ ದೂರು ಕೊಟ್ಟೆವು. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ, ಆಕೆಗೂ ಕುರ್ಚಿ ಹಾಕಿಸಿದರು. ನಾನು ನೋಟ್‌ಬುಕ್ ತೆರೆದು ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು.

“ಇದರ ಮ್ಯಾಲೆ ಪತ್ರಿಕೆ ಹೆಸರೆಲ್ಲಿ ಐತ್ರಿ? ತಾರೀಖೆಲ್ಲಿ ಐತಿ?”

ಇರಲಿಲ್ಲ. ಹನ್ನೊಂದು ವರ್ಷ ನಾನು ಕತ್ತರಿಯಿಂದ ನನ್ನ ಲೇಖನವನ್ನಷ್ಟೇ ಅಂಚು ಹಿಡಿದು ಕತ್ತರಿಸಿ, ಉಳಿದ ಪತ್ರಿಕೆಯನ್ನೆಲ್ಲ ಎಸೆದಿದ್ದೆ. ತಾರೀಖನ್ನು ಪಕ್ಕದಲ್ಲಿ ನನ್ನ ಪೆನ್ನಿನಿಂದ ಬರೆದುಕೊಂಡಿದ್ದೆ. ನನ್ನ ಲೇಖನದ ಸುತ್ತ ಇದ್ದದ್ದು ಯಾವುದೂ ಇಡಲು ಯೋಗ್ಯ ಎಂದು ನನಗೆ ಅನ್ನಿಸಿರಲಿಲ್ಲ. ಆ ಉಳಿದದ್ದೇ ಈಗ ಆಕೆಗೆ ಬೇಕಾಗಿತ್ತು.

“ಇಡೀ ಪೇಪರ್ ತರ್ರಿ,” ಎಂದರು ಅಧಿಕಾರಿ. “ಇಲ್ಲಾಂದ್ರ ಆ ದಿನ ಆ ಪುಟದಾಗ ನಿಮ್ಮ ಲೇಖನ ಓದೀನಿ ಅಂತ ಬರಕೊಡೋ ಒಬ್ಬ ಓದುಗರನ್ನ ಕರ್ಕೊಂಬರ್ರಿ. ನಿಮ್ಮ ಮನಿಯವರಲ್ಲ ಮತ್ತ. ಹೊರಗಿನವರು. ಒಬ್ಬರ ಸಾಕು.”

ಇಡೀ ಪೇಪರ್ ಎಲ್ಲೂ ಸಿಗಲಿಲ್ಲ. ಗೆಳೆಯನ ಫೈಲಿನಲ್ಲಿ ಇದ್ದದ್ದು ಕಡತದ ಪ್ರತಿಯೇ. ಬೇರೆ ಪತ್ರಿಕೆಗಳು ಬೆಳಗಾದರೆ ವಾಟ್ಸಾಪಿನಲ್ಲಿ ಪುಟಗಳನ್ನು ಬಿಡುತ್ತವೆ, ನಮ್ಮದು ಬಿಡುವುದಿಲ್ಲ. ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ, ಬಿಡಬೇಡ ಎಂದು ಬುದ್ಧಿ ಹೇಳಿದವನು ನಾನೇ. ಗ್ರಂಥಾಲಯದ ಪ್ರತಿ ರದ್ದಿಗೆ ಹೋಗಿತ್ತು.

ಓದುಗರಿಗೇನು ಬರ ಎಂದುಕೊಂಡೆ. ಈ ಐದು ತಾಲೂಕಿನಲ್ಲಿ ನಾನು ಯಾವ ಬಸ್ಸು ಹತ್ತಿದರೂ ಒಬ್ಬರಲ್ಲ ಒಬ್ಬರು, ಚಲೋ ಬರೀತೀರಿ ಸರ ಅನ್ನುವವರೇ. ಮೊದಲು ಕೂಡ್ಲಿಗಿಗೆ ಹೋದೆ. ಅಲ್ಲೊಬ್ಬರು ನಿವೃತ್ತ ಉಪನ್ಯಾಸಕರು, ಸೋಮವಾರ ಬಂತೆಂದರೆ ನಿಮ್ಮ ಅಂಕಣ ಓದದೆ ಸ್ನಾನಕ್ಕೆ ಹೋಗುವುದಿಲ್ಲ ಎಂದು ಸಭೆಯಲ್ಲೇ ಹೇಳಿದವರು. ವಿಷಯ ಹೇಳಿ, ಮಳಿಗೆ ಹರಾಜಿನ ಬಗ್ಗೆ ಬರೆದಿದ್ದೆನಲ್ಲ ಸರ್ ಎಂದೆ. “ಓಹೋ, ಅದ್ಭುತ! ಅದರಲ್ಲೂ ಆ ಕೊನೆಯ ಭಾಗ,” ಎಂದರು. ಕೊನೆಯಲ್ಲಿ ಏನಿತ್ತು ಅಂತ ಜ್ಞಾಪಕ ಇದೆಯಾ ಎಂದೆ. ಅವರು ಸ್ವಲ್ಪ ಹೊತ್ತು ಸೀಲಿಂಗ್ ನೋಡಿ, ಸಾರಾಂಶವಾಗಿ ಹೇಳುವುದಾದರೆ ಸರ್ಕಾರ ಸರಿಯಿಲ್ಲ ಎಂದರು. ಯಾವ ವಾರಕ್ಕಾದರೂ ಹೊಂದುವ ಸಾರಾಂಶ. ಬರೆದು ಸಹಿ ಮಾಡಿ ಎಂದೊಡನೆ ಅವರಿಗೆ ಸ್ನಾನದ ಹೊತ್ತಾಯಿತು.

ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬ ನನ್ನ ಅಂಕಣಕ್ಕಾಗಿಯೇ ಪತ್ರಿಕೆ ತರಿಸುತ್ತೇನೆ ಎನ್ನುತ್ತಿದ್ದ. ಹೋದಾಗ ನಮ್ಮ ಪತ್ರಿಕೆಯ ಹಾಳೆಗಳನ್ನು ನೀರಿಗೆ ಅದ್ದಿ ಬುಟ್ಟಿಯ ಒಳಗೆ ಹೊದಿಸುತ್ತಿದ್ದ. “ನಿಮ್ಮ ಪೇಪರು ನೀರ್ ಚಲೋ ಹಿಡಿತೈತ್ರಿ, ಹೂವು ಬಾಡಂಗಿಲ್ಲ” ಎಂದು ಸಂತೋಷದಿಂದ ಹೇಳಿದ. ಹರಪನಹಳ್ಳಿಯ ವಕೀಲರು ಪ್ರಾಮಾಣಿಕರು. ಓದಿಲ್ಲ, ಆದರೆ ಓದಿದ್ದೇನೆಂದು ಬರೆದುಕೊಡಬೇಕಾದರೆ ಕೊಡುತ್ತೇನೆ ಎಂದರು. ಸುಳ್ಳು ಸಾಕ್ಷಿ ಬೇಡ ಎಂದು ಎದ್ದು ಬಂದೆ. ಮನೆಗೆ ಬಂದು ಹೆಂಡತಿಯ ಮುಂದೆ ಕೂತೆ. ನೀನಾದರೂ ಓದುತ್ತೀಯಲ್ಲ ಎಂದೆ.

“ನೀವು ಭಾನುವಾರನ ಇಡೀ ಓದಿ ಹೇಳ್ತೀರಿ. ಮತ್ತ ಸೋಮವಾರ ಯಾಕ ಓದ್ಲಿ?”

ಸರ್ಕಾರ ಬೀಳಿಸುವಷ್ಟು ಜೋರಾಗಿ ಬರೆಯುತ್ತೇನೆ ಎಂದು ನಂಬಿ ನಾನು ಪೊಲೀಸರಿಗೂ ಮನಸ್ಸಿನಲ್ಲಿ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಶಾಸಕರು ಎದುರು ಸಿಕ್ಕಾಗಲೆಲ್ಲ ಯಾಕೆ ಅಷ್ಟು ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕುತ್ತಿದ್ದರು ಎಂಬುದು ಈಗ ತಿಳಿಯಿತು. ಯಾರೂ ಓದದ ಟೀಕೆಯಷ್ಟು ಸರ್ಕಾರಕ್ಕೆ ಹಿತವಾದದ್ದು ಇನ್ನೊಂದಿಲ್ಲ. ಟೀಕೆ ಇದೆ ಅಂತಲೂ ತೋರಿಸಬಹುದು, ತೊಂದರೆಯೂ ಇಲ್ಲ.

ಅಧಿಕಾರಿ ಗೊತ್ತು ಮಾಡಿದ್ದ ವಿಚಾರಣೆಗೆ ಎರಡು ದಿನ ಇದ್ದಾಗ ಬರಿಗೈಯಲ್ಲಿ ಆಕೆಯ ಗಾಡಿಯ ಹತ್ತಿರ ಹೋದೆ. ಓದಿದವರು ಒಬ್ಬರೂ ಸಿಗಲಿಲ್ಲ ಅಕ್ಕ ಎಂದೆ. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಗಿತ್ತು.

ಆಕೆ ಮಿರ್ಚಿ ಎತ್ತುವ ಝಾರಿ ಕೆಳಗಿಟ್ಟಳು. “ಯಾಕ? ನಾ ಓದೀನಲ್ಲ,” ಎಂದಳು.

ನಾನು ನಂಬಲಿಲ್ಲ. ಆಕೆ ಹೇಳತೊಡಗಿದಳು. ಎದುರಿಗಿನ ಚಹಾದಂಗಡಿಗೆ ಪೇಪರ್ ಬರುತ್ತದೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ತಂದು ಓದುತ್ತಾಳೆ. ಆ ಸೋಮವಾರ ಮೊದಲ ಸಾಲು ಹೀಗಿತ್ತು, ಆಮೇಲೆ ಹೀಗಿತ್ತು, ನಡುವೆ ನೀವು ಶಾಸಕರಿಗೆ ಒಂದು ಮಾತು ಚುಚ್ಚಿದ್ದಿರಿ ಎಂದು ಒಂದೊಂದಾಗಿ ಹೇಳಿದಳು. ನೋಟ್‌ಬುಕ್ ತೆಗೆದು ಹೊಂದಿಸಿ ನೋಡಿದೆ. ಒಂದು ಪದವೂ ತಪ್ಪಿರಲಿಲ್ಲ. ಗಾಡಿಯ ಪಕ್ಕ ನಿಂತು ನಾನು ನಿಜವಾಗಿ ಕಣ್ಣೊರೆಸಿಕೊಂಡೆ. ಹೊಗೆ ಅಂತ ಆಕೆ ತಿಳಿದಳು.

ವಿಚಾರಣೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಹೆಂಗಸರಿಗೆ ಬಸ್ಸು ಉಚಿತ ಮಾಡಿದ್ದನ್ನು ನಾನು ಮೂರು ವಾರ ಸತತವಾಗಿ ಖಂಡಿಸಿದ್ದೆ. ಆ ಉಚಿತ ಬಸ್ಸು ಇಲ್ಲದಿದ್ದರೆ ಆಕೆ ದಿನದ ವ್ಯಾಪಾರ ಬಿಟ್ಟು ಮತ್ತೆ ಮತ್ತೆ ಬರುವುದು ಸಾಧ್ಯವಿರಲಿಲ್ಲ. ಆಕೆ ನನ್ನ ಆ ಮೂರು ಲೇಖನ ಓದಿರದೆ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಓದಿರುತ್ತಾಳೆ.

ಕಚೇರಿಯಲ್ಲಿ ಆಕೆ ನಿಂತು ಇಡೀ ಲೇಖನ ಹೇಳಿದಳು. ಅಧಿಕಾರಿ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಕೇಳಿದರು, ತಲೆಯಾಡಿಸಿದರು. ಕೊನೆಗೆ ನೋಟ್‌ಬುಕ್ ಮುಚ್ಚಿದರು.

“ನಂಬತೀನಿ ರೀ. ಆದ್ರ ದೂರು ಕೊಟ್ಟಾಕೀನ ಈಕಿ. ಈಕಿ ಮಾತನ್ನ ಈಕಿಗೇ ಸಾಕ್ಷಿ ಅಂತ ಹೆಂಗ ಬರ್ಕೊಳ್ಳಲಿ? ಮ್ಯಾಲಿನವರು ನನ್ನ ಕೇಳ್ತಾರ. ಇನ್ನೊಬ್ಬರು ಯಾರೂ ಸಿಗಲಿಲ್ಲೇನು?”

ಸಿಗಲಿಲ್ಲ ಎಂದೆ. ಪ್ರಕಟಣೆ ನಿಯಮದಂತೆ ಆಗಿದೆ, ದೂರು ಮುಕ್ತಾಯಗೊಳಿಸಿದೆ ಎಂದು ಬರೆಸಿದರು. ಬರೆಸುವಾಗ ಅವರು ನಮ್ಮ ಮುಖ ನೋಡಲಿಲ್ಲ.

ವಾಪಸು ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕೂತಿದ್ದಳು. ಸುಮ್ಮನಿರಲಾರದೆ ನಾನು ಮಾತಾಡಿದೆ. ಹರಾಜು ತಪ್ಪಲ್ಲ ಅಕ್ಕ, ಮುಚ್ಚಿಟ್ಟು ಮಾಡಿದ್ದು ತಪ್ಪು, ನಿನಗೆ ಮೊದಲೇ ತಿಳಿದಿದ್ದರೆ ಗೆಲ್ಲುತ್ತಿದ್ದೆ ಎಂದೆಲ್ಲ. ಆಕೆ ಉಚಿತ ಟಿಕೆಟ್ಟನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

“ಆ ಸೋಮವಾರ ನಮ್ಮ ಸಾಲಿನ ಮಂದಿ ಎಲ್ಲಾ ವಾರ್ಡಿನ ಸದಸ್ಯರ ಮನಿಗೆ ಹೊಂಟಿದ್ರು ಅಣ್ಣಾರ,” ಎಂದಳು ಆಮೇಲೆ. “ಮಳಿಗಿ ವಿಷಯ ಮಾತಾಡಾಕ. ನನ್ನೂ ಕರದ್ರು. ನಾನೂ ಸೀರಿ ಉಟ್ಟು ತಯಾರಾಗಿದ್ದೆ. ಚಾದಂಗಡ್ಯಾಗ ಪೇಪರ್ ನೋಡಿದೆ. ಯಾರ ಮನಿ ಬಾಗಿಲಿಗೂ ಹೋಗಬ್ಯಾಡ್ರಿ, ಪ್ರಕಟಣಿ ಬಂದಾ ಬರತೈತಿ, ಧೈರ್ಯವಾಗಿ ಹೋಗಿ ಕೂಗ್ರಿ ಅಂತ ನೀವು ಬರದಿದ್ರಿ. ಅದಕ್ಕ ನಾ ಹೋಗಲಿಲ್ಲ.”

ಈಗ ಮಳಿಗೆಯಲ್ಲಿರುವ ಬೇಕರಿಯವನೂ ಬಟ್ಟೆ ಅಂಗಡಿಯವನೂ ಅವತ್ತು ಹೋದವರು. ಆಕೆ ಮರುದಿನದಿಂದ ಪ್ರಕಟಣೆಗಾಗಿ ದಿನಾ ಪೇಪರ್ ನೋಡಿದ್ದಾಳೆ. ಹನ್ನೊಂದು ವರ್ಷದಲ್ಲಿ ನನ್ನ ಬರಹ ಒಬ್ಬರ ಮನಸ್ಸನ್ನು ಬದಲಿಸಿತ್ತು. ಬದಲಿಸಿ ಅವರನ್ನು ಬೀದಿಯಲ್ಲೇ ನಿಲ್ಲಿಸಿತ್ತು. ತೊಡೆಯ ಮೇಲಿದ್ದ ನೋಟ್‌ಬುಕ್ಕನ್ನು ಚೀಲಕ್ಕೆ ತುರುಕಿದೆ.

ಊರು ಬಂತು. ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ.

“ರಸ್ತೆ ಅಗಲ ಮಾಡಾಕ ಅಳತಿ ಹಚ್ಚ್ಯಾರ. ಗಾಡಿ ಎಲ್ಲಿಡಬೇಕು ಅಂತ ಗೊತ್ತಿಲ್ಲ,” ಎಂದಳು. “ಈ ಸೋಮವಾರ ಏನ್ ಬರೀತೀರಿ, ಮೊದಲ ಹೇಳಿಬಿಡ್ರಿ ಅಣ್ಣಾರ. ಅದನ್ನೊಂದು ಬಿಟ್ಟು ಬ್ಯಾರೆ ಏನಾರ ಮಾಡ್ತೀನಿ.”